ಹಂಚಿಕೆಯ ದಿನದರ್ಶಿಕೆ: ಒಬ್ಬ ಹೊಸ ಬಳಕೆಗಾರನ ಅನುಭವ

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರನ್ನು ಒಮ್ಮೆ ಹತ್ತಿರ ಹೋಗಿ ನೋಡಿರಿ. ಅದರಲ್ಲಿ ಅಚ್ಚಾದುದಕ್ಕಿಂತ ಕೈಯಿಂದ ಬರೆದುದೇ ಹೆಚ್ಚಾಗಿರುತ್ತದೆ. ಹಾಲಿನವನು ಬಾರದ ದಿನಕ್ಕೆ ಒಂದು ಕಾಟು, ಹೊಸ ಸಿಲಿಂಡರು ಹಚ್ಚಿದ ದಿನಕ್ಕೆ ಒಂದು ಗೆರೆ, ಸೊಸಾಯಿಟಿಯ ಸಾಲ ಕಟ್ಟುವ ತಾರೀಖಿಗೆ ಒಂದು ಸುತ್ತು, ಎಮ್ಮೆ ಈಯುವ ಅಂದಾಜಿನ ದಿನ, ತೊಗರಿಗೆ ಔಷಧ ಹೊಡೆದ ದಿನ. ಮನೆಯ ಎಲ್ಲರೂ ಅದರಲ್ಲಿ ಬರೆಯುತ್ತಾರೆ, ಎಲ್ಲರೂ ಓದುತ್ತಾರೆ. ಈ ಅರ್ಥದಲ್ಲಿ ಗೋಡೆಯ ಕ್ಯಾಲೆಂಡರು ನಮ್ಮೆಲ್ಲರ ಮೊದಲ ಹಂಚಿಕೆಯ ದಿನದರ್ಶಿಕೆ. ಅದಕ್ಕಿರುವ ದೋಷ ಒಂದೇ. ಅದು ಒಂದೇ ಗೋಡೆಯ ಮೇಲೆ ಇರುತ್ತದೆ.

ದಿನಗಳ ಲೆಕ್ಕದ ವಿಷಯದಲ್ಲಿ ನಮ್ಮ ಸೀಮೆ ಬಡವಾದುದಲ್ಲ. ಮಹಾರಾಷ್ಟ್ರದ ಮನೆಮನೆಗಳಲ್ಲಿ ಬಳಕೆಯಲ್ಲಿರುವ ದಾತೆ ಪಂಚಾಂಗವು ಪ್ರಕಟವಾಗುವುದು ನಮ್ಮ ಸೋಲಾಪುರದಿಂದಲೇ. ಅದು ನೂರು ವರುಷ ದಾಟಿದ ಪಂಚಾಂಗ. ೧೯೭೩ರಲ್ಲಿ ಜಯಂತ ಸಾಳಗಾಂವಕರರು ಮುಂಬಯಿಯಲ್ಲಿ ಆರಂಭಿಸಿದ ಕಾಲನಿರ್ಣಯವಂತೂ ಕನ್ನಡದಲ್ಲಿಯೂ ಅಚ್ಚಾಗುತ್ತದೆ. ಆದರೂ ನಾಗಣಸೂರಿನಂಥ ಗಡಿಯ ಊರಿನಲ್ಲಿ ದಿನಗಳ ವಿಷಯದಲ್ಲಿ ಒಂದು ವಿಶೇಷ ತೊಡಕು ಉಂಟು. ನಮ್ಮ ಬೀಗರು ನೆಂಟರು ಅರ್ಧಕ್ಕರ್ಧ ಗಡಿಯ ಆಚೆ, ಆಳಂದ, ಅಫಜಲಪುರ, ಇಂಡಿ ತಾಲೂಕುಗಳಲ್ಲಿ ಇದ್ದಾರೆ. ಮಾತು ಒಂದೇ, ಊಟ ಒಂದೇ, ದೇವರೂ ಒಂದೇ. ಆದರೆ ಶಾಲೆಯ ದಿನಗಳು ಮಾತ್ರ ಬೇರೆ. ಅವರ ಮಕ್ಕಳಿಗೆ ನಡುವಿನ ದೊಡ್ಡ ರಜೆ ದಸರೆಗೆ, ನಮ್ಮ ಮಕ್ಕಳಿಗೆ ದೀಪಾವಳಿಗೆ. ಅವರ ಶಾಲೆ ಜೂನ್ ಆರಂಭಕ್ಕೆ ತೆರೆದರೆ ನಮ್ಮದು ಜೂನ್ ಮಧ್ಯಕ್ಕೆ. ಅತ್ತೆಯ ಮಕ್ಕಳು ಬಂದಾಗ ಇವರಿಗೆ ಶಾಲೆ, ಇವರು ಹೋದಾಗ ಅವರಿಗೆ ಶಾಲೆ.

ಈ ತೊಡಕು ನಮ್ಮ ಮನೆಯಲ್ಲಿ ೨೦೨೪ರಲ್ಲಿ ಒಂದು ಕಹಿಯನ್ನೇ ತಂದಿತು. ನನ್ನ ತಂಗಿಯನ್ನು ಆಳಂದ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಅವಳ ಮಗನ ಜಾವಳವನ್ನು ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಗೊತ್ತುಮಾಡಿದರು. ಜಾವಳದಲ್ಲಿ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂಡಿಸಿ ಮೊದಲ ಕೂದಲು ತೆಗೆಯುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಆ ಸೋದರಮಾವ ನಾನು. ಆ ವರುಷ ಕರ್ನಾಟಕದಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಆರಂಭವಾದದ್ದು ಮಾರ್ಚ್ ೨೫ಕ್ಕೆ. ಆದ್ದರಿಂದ ತಂಗಿಯು ತಿಂಗಳ ಮೊದಲ ವಾರ ಎಲ್ಲರಿಗೂ ಬಿಡುವು ಎಂದು ತಿಳಿದಳು. ಮಹಾರಾಷ್ಟ್ರದಲ್ಲಿ ಪರೀಕ್ಷೆ ಮಾರ್ಚ್ ೧ಕ್ಕೇ ಆರಂಭ. ನನ್ನ ಮಗಳು ಪರೀಕ್ಷೆಗೆ ಕೂಡುವವಳು, ನಾನು ಮೇಲ್ವಿಚಾರಣೆಯ ಕೆಲಸಕ್ಕೆ ನೇಮಕವಾದವನು. ಪತ್ರಿಕೆ ಹಂಚಿ, ದೇವರ ಊಟ ನಿಶ್ಚಯಿಸಿ, ಎಲ್ಲ ಮುಗಿದ ಮೇಲೆ ಸುದ್ದಿ ನನಗೆ ಬಂದಿತು.

"ಅಣ್ಣಾ, ನಿಮ್ಮ ಕಡಿ ಪರೀಕ್ಷಾ ಮೊದಲಽ ಅದ ಅಂತ ಒಂದ್ ಮಾತ ಹೇಳಬಾರದಿತ್ತೇನು?" ಎಂದಳು ತಂಗಿ.

"ನಿನಗ ಗೊತ್ತಿರ್ತದ ಅಂತ ನಾ ತಿಳಕೊಂಡಿದ್ದೆವ್ವಾ," ಎಂದೆ ನಾನು.

ನಾನು ಹೋಗಲಾಗಲಿಲ್ಲ. ಮಗುವನ್ನು ದೂರದ ಸಂಬಂಧದ ಒಬ್ಬ ಮಾವನ ತೊಡೆಯ ಮೇಲೆ ಕೂಡಿಸಿದರು. ತಂಗಿ ಮೂರು ತಿಂಗಳು ಫೋನು ಮಾಡಲಿಲ್ಲ. ಯೋಚಿಸಿ ನೋಡಿದರೆ ತಪ್ಪು ಯಾರದೂ ಅಲ್ಲ. ಪರೀಕ್ಷೆಯ ತಾರೀಖು ನನ್ನ ಗೋಡೆಯ ಮೇಲಿತ್ತು, ಜಾವಳದ ತಾರೀಖು ಅವಳ ಗೋಡೆಯ ಮೇಲಿತ್ತು.

ಈ ಮಾತು ಕೇಳಿ ಪುಣೆಯಲ್ಲಿ ಗಣಕಯಂತ್ರದ ಕೆಲಸದಲ್ಲಿರುವ ನಮ್ಮ ಅಣ್ಣನ ಮಗ ಒಂದು ಉಪಾಯ ಹೇಳಿದ. ವಾಟ್ಸಾಪಿನಲ್ಲಿ ತಾರೀಖು ಹಾಕಿದರೆ ಸಾಲದೇ ಎಂದು ನಾನು ಕೇಳಿದೆ. "ಕಾಕಾ, ವಾಟ್ಸಾಪಿನಾಗ ಹಾಕಿದ್ದ ತಾರೀಖು ನಾಕ ದಿನದಾಗ ನೂರು ಗುಡ್ ಮಾರ್ನಿಂಗಿನ ಕೆಳಗ ಹೂತು ಹೋಗ್ತದ," ಎಂದ. ಅದು ನಿಜ. ಅವನ ಮಾತಿನಂತೆ ನಮ್ಮ ಮನೆತನದ ಎಂಟು ಮಂದಿ ಒಂದು ಹಂಚಿಕೆಯ ದಿನದರ್ಶಿಕೆಯನ್ನು, ಅದೂ ನಮ್ಮದೇ ಯಂತ್ರದಲ್ಲಿ ಇಟ್ಟುಕೊಂಡು, ಬಳಸತೊಡಗಿದೆವು. ಅದರ ಸ್ವರೂಪವೇನು, ಅದರಿಂದಾದ ಅನುಕೂಲವೇನು, ಪೇಚಾಟವೇನು ಎಂಬುದನ್ನು ಇಲ್ಲಿ ತಿಳಿಸುತ್ತೇನೆ.

ಮೊದಲು ಹೆಸರನ್ನು ನೋಡೋಣ. ಇಂಥ ತಂತ್ರಾಂಶಕ್ಕೆ ಗ್ರೂಪ್‌ವೇರ್ ಎನ್ನುತ್ತಾರೆ. ಗುಂಪಿನ ಕೆಲಸಕ್ಕೆ ನೆರವಾಗುವ ತಂತ್ರಾಂಶವೆಂದು ಅರ್ಥ. ಪೀಟರ್ ಮತ್ತು ಟ್ರೂಡಿ ಜಾನ್ಸನ್-ಲೆಂಜ್ ಎಂಬ ಅಮೇರಿಕೆಯ ದಂಪತಿಗಳು ೧೯೭೮ರಲ್ಲಿ ಈ ಶಬ್ದವನ್ನು ಹುಟ್ಟಿಸಿದರು. ಕಲ್ಪನೆ ಅದಕ್ಕೂ ಹಳೆಯದು. ೧೯೬೮ರ ಡಿಸೆಂಬರ್ ೯ರಂದು ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸಭೆಯೊಂದರಲ್ಲಿ, ದೂರದ ಊರಿನಲ್ಲಿ ಕುಳಿತ ಸಂಗಡಿಗನೊಡನೆ ಒಂದೇ ಪರದೆಯ ಮೇಲೆ ಒಂದೇ ಬರಹವನ್ನು ಕೂಡಿ ತಿದ್ದಿ ತೋರಿಸಿದ್ದ. ಇಂದಿನ ಗ್ರೂಪ್‌ವೇರಿನಲ್ಲಿ ಅಂಚೆ, ವಿಳಾಸಗಳ ಪಟ್ಟಿ, ಮಾಡಬೇಕಾದ ಕೆಲಸಗಳ ಪಟ್ಟಿ, ಕಡತಗಳು ಎಲ್ಲ ಇರುತ್ತವೆ. ನಮಗೆ ಬೇಕಾದದ್ದು ದಿನದರ್ಶಿಕೆಯಷ್ಟೇ.

ಇನ್ನು ನಮ್ಮದೇ ಯಂತ್ರದಲ್ಲಿ ಇಡುವುದೆಂದರೇನು? ದೊಡ್ಡ ಕಂಪನಿಗಳು ದಿನದರ್ಶಿಕೆಯನ್ನು ಪುಕ್ಕಟೆಯಾಗಿ ಕೊಡುತ್ತವೆ. ಆದರೆ ನಾವು ಬರೆದದ್ದು ಅವರ ಯಂತ್ರದಲ್ಲಿ ಇರುತ್ತದೆ. ಇದನ್ನು ಜೋಳಕ್ಕೆ ಹೋಲಿಸಬಹುದು. ಜೋಳವನ್ನು ಪೇಟೆಯ ಗೋದಾಮಿನಲ್ಲಿ ಇಡಬಹುದು, ಇಲ್ಲವೇ ಹಿಂದಿನವರಂತೆ ಮನೆಯ ಮುಂದಿನ ಹಗೇವಿನಲ್ಲಿ ಇಡಬಹುದು. ಗೋದಾಮಿನಲ್ಲಿಟ್ಟರೆ ಕಾಯುವ ಚಿಂತೆಯಿಲ್ಲ. ಆದರೆ ಬಾಗಿಲ ಕೀಲಿ ಬೇರೆಯವರ ಕೈಯಲ್ಲಿರುತ್ತದೆ. ಹಗೇವಿನ ಕೀಲಿ ನಮ್ಮದೇ. ಆದರೆ ನೀರು ಹೊಕ್ಕರೆ, ಹುಳ ಬಿದ್ದರೆ ನಾವೇ ನೋಡಿಕೊಳ್ಳಬೇಕು. ನಾವು ಹಗೇವನ್ನು ಆರಿಸಿಕೊಂಡೆವು. ಪರಿಣಾಮವನ್ನು ಮುಂದೆ ಹೇಳುವೆ.

ಈ ಬಗೆಯ ತಂತ್ರಾಂಶಗಳು ಅನೇಕ ಇವೆ. ನೆಕ್ಸ್ಟ್‌ಕ್ಲೌಡ್, ಸೋಗೋ, ಈಗ್ರೂಪ್‌ವೇರ್, ಹೋರ್ಡ್ ಎಂಬವು ಕೆಲವು. ನೆಕ್ಸ್ಟ್‌ಕ್ಲೌಡ್ ೨೦೧೬ರಲ್ಲಿ ಜರ್ಮನಿಯ ಫ್ರಾಂಕ್ ಕಾರ್ಲಿಚೆಕ್ ಮತ್ತು ಸಂಗಡಿಗರಿಂದ ಆರಂಭವಾಯಿತು. ಇವು ಮುಕ್ತ ತಂತ್ರಾಂಶಗಳು. ಅಂದರೆ ಇವುಗಳ ಒಳಗಿನ ಬರವಣಿಗೆಯನ್ನು ಯಾರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಇಂಥ ತಂತ್ರಾಂಶಗಳಲ್ಲೊಂದನ್ನು ನಮ್ಮ ಹುಡುಗ ಮನೆಯಲ್ಲಿ ಮೂಲೆಗೆ ಬಿದ್ದ ಒಂದು ಹಳೆಯ ಗಣಕಯಂತ್ರದಲ್ಲಿ, ಲಿನಕ್ಸ್ ಹಾಕಿ, ಅದರ ಮೇಲೆ ನಿಲ್ಲಿಸಿದ. ಹೀಗೆ ಎಲ್ಲರ ಫೋನುಗಳಿಗೆ ಮಾಹಿತಿ ಒದಗಿಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು.

ಇಲ್ಲಿ ಮೊದಲ ಪೇಚು ಬಂದಿತು. ಮನೆಯೊಳಗೆ ಎಲ್ಲ ಸರಿಯಾಗಿ ನಡೆಯಿತು. ಆಳಂದದಿಂದ ತಂಗಿಯ ಫೋನು ಮಾತ್ರ ಸರ್ವರನ್ನು ಮುಟ್ಟಲೊಲ್ಲದು. ಕಾರಣವೇನೆಂದರೆ, ಇಂಟರ್‌ನೆಟ್ಟಿನ ಹಳೆಯ ಬಗೆಯ ವಿಳಾಸಗಳು ಸಾಲದೆ ಬಂದುದರಿಂದ ಕಂಪನಿಗಳು ಅನೇಕ ಮನೆಗಳಿಗೆ ಸೇರಿ ಒಂದೇ ಹೊರವಿಳಾಸ ಕೊಡುತ್ತವೆ. ಒಂದು ವಾಡೆಯಲ್ಲಿ ನಲವತ್ತು ಕುಟುಂಬಗಳಿದ್ದು ಹೊರಬಾಗಿಲಿಗೆ ಒಂದೇ ನಂಬರು ಇದ್ದಂತೆ. ಒಳಗಿನವರು ಹೊರಗೆ ಪತ್ರ ಹಾಕಬಹುದು, ಅದಕ್ಕೆ ಬಂದ ಉತ್ತರವನ್ನೂ ಪಡೆಯಬಹುದು. ಆದರೆ ಹೊರಗಿನವನು ತಾನಾಗಿ ಬಂದು ಇಂಥವರ ಮನೆ ಯಾವುದೆಂದು ಕೇಳಿದರೆ ಬಾಗಿಲಲ್ಲಿ ಹೇಳುವವರಿಲ್ಲ. ಕೊನೆಗೆ ಎಂಟು ಫೋನುಗಳಿಗೂ ನಮ್ಮ ಸರ್ವರಿಗೂ ನಡುವೆ ಬೇರೆಯವರಿಗೆ ಕಾಣದ ಒಂದು ಖಾಸಗಿ ದಾರಿಯನ್ನು ಅವನು ಏರ್ಪಡಿಸಿದ. ಇದಕ್ಕೆ ಎರಡು ಭಾನುವಾರ ಹೋದವು. ಇಂಥ ಕೆಲಸ ಬಲ್ಲವರು ಮನೆಯಲ್ಲಿ ಒಬ್ಬರೂ ಇಲ್ಲದಿದ್ದರೆ ಸ್ವಂತ ಸರ್ವರಿನ ಗೊಡವೆಗೆ ಹೋಗಬಾರದೆಂದು ನನ್ನ ಅಭಿಪ್ರಾಯ.

ಒಮ್ಮೆ ದಾರಿ ತೆರೆದ ಮೇಲೆ ನಡೆಯುವ ವ್ಯವಹಾರ ಮಾತ್ರ ಬಹಳ ಸೊಗಸಾಗಿದೆ. ದಿನದರ್ಶಿಕೆಯ ಒಂದೊಂದು ಕಾರ್ಯಕ್ರಮವೂ ಒಂದೊಂದು ಚೀಟಿ ಎಂದು ತಿಳಿಯಿರಿ. ಚೀಟಿಯಲ್ಲಿ ಕಾರ್ಯಕ್ರಮದ ಹೆಸರು, ಆರಂಭದ ವೇಳೆ, ಮುಕ್ತಾಯದ ವೇಳೆ, ಸ್ಥಳ, ಮತ್ತು ಬೇರೆ ಯಾವ ಚೀಟಿಗೂ ಇರದ ಒಂದು ಗುರುತಿನ ಸಂಖ್ಯೆ ಇರುತ್ತವೆ. ಚೀಟಿ ಬರೆಯುವ ಈ ಕ್ರಮಕ್ಕೆ ಐ-ಕ್ಯಾಲೆಂಡರ್ ಎಂದು ಹೆಸರು. ಇದನ್ನು ೧೯೯೮ರಲ್ಲಿ ನಿಶ್ಚಯಿಸಿ, ೨೦೦೯ರಲ್ಲಿ ತಿದ್ದುಪಡಿ ಮಾಡಿದರು. ಚೀಟಿಗಳನ್ನು ಸರ್ವರಿಗೂ ಫೋನಿಗೂ ನಡುವೆ ಸಾಗಿಸುವ ಕ್ರಮಕ್ಕೆ ಕ್ಯಾಲ್‌ಡ್ಯಾವ್ ಎಂದು ಹೆಸರು, ಅದು ೨೦೦೭ರದು. ಅನೇಕರು ಒಪ್ಪಿದ ಕ್ರಮಗಳಾದುದರಿಂದ, ಇವುಗಳನ್ನು ಪಾಲಿಸುವ ಯಾವ ಫೋನಿನಲ್ಲಿ ಬರೆದ ಚೀಟಿಯನ್ನೂ ಇವುಗಳನ್ನು ಪಾಲಿಸುವ ಯಾವ ಸರ್ವರೂ ಓದಬಲ್ಲದು. ಐಫೋನಿನಲ್ಲಿ ಕ್ಯಾಲ್‌ಡ್ಯಾವ್ ಮೊದಲೇ ಅಳವಟ್ಟಿರುತ್ತದೆ, ಆಂಡ್ರಾಯ್ಡ್ ಫೋನಿಗೆ ಅದಕ್ಕಾಗಿ ಬೇರೊಂದು ಚಿಕ್ಕ ತಂತ್ರಾಂಶ ಹಾಕಿಕೊಳ್ಳಬೇಕು.

ಫೋನು ಆಗಾಗ ಸರ್ವರನ್ನು "ಏನಾದರೂ ಬದಲಾಗಿದೆಯೇ?" ಎಂದು ಕೇಳುತ್ತದೆ. ಬದಲಾಗದಿದ್ದರೆ ಅಲ್ಲಿಗೆ ಮುಗಿಯಿತು. ಬದಲಾಗಿದ್ದರೆ ಬದಲಾದ ಚೀಟಿಗಳನ್ನಷ್ಟೇ ತರಿಸಿಕೊಳ್ಳುತ್ತದೆ. ಎಲ್ಲ ಚೀಟಿಗಳ ಒಂದು ಪ್ರತಿ ಫೋನಿನಲ್ಲಿಯೇ ಇರುವುದರಿಂದ ನಮ್ಮ ಊರಿನಲ್ಲಿ ಕರೆಂಟು ಹೋಗಿ ಸರ್ವರು ನಿಂತಾಗಲೂ ತಂಗಿಗೆ ತನ್ನ ಫೋನಿನಲ್ಲಿ ತಾರೀಖುಗಳೆಲ್ಲ ಕಾಣುತ್ತವೆ. ಹೊಸದಾಗಿ ಬರೆದದ್ದು ಕರೆಂಟು ಬರುವವರೆಗೆ ಅವಳ ಫೋನಿನಲ್ಲಿ ಕಾಯುತ್ತದೆ.

ಒಂದೇ ಚೀಟಿಯನ್ನು ಇಬ್ಬರು ಒಮ್ಮೆಲೇ ತಿದ್ದಿದರೆ? ಇದು ಜಾಣ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ. ಚೀಟಿ ಬದಲಾದಾಗಲೆಲ್ಲ ಸರ್ವರು ಅದಕ್ಕೊಂದು ಹೊಸ ಮುದ್ರೆ ಒತ್ತುತ್ತದೆ. ತಿದ್ದಿದ ಚೀಟಿಯನ್ನು ಕಳಿಸುವಾಗ ಫೋನು ತನ್ನಲ್ಲಿರುವ ಮುದ್ರೆಯನ್ನು ಜೊತೆಗೆ ತೋರಿಸುತ್ತದೆ. ಮುದ್ರೆ ಹಳೆಯದಾಗಿದ್ದರೆ, ಅಂದರೆ ಆ ನಡುವೆ ಇನ್ನೊಬ್ಬರು ತಿದ್ದಿದ್ದರೆ, ಸರ್ವರು ಅದನ್ನು ಒಪ್ಪದೆ ಹೊಸದನ್ನು ಮೊದಲು ನೋಡಿಕೊಂಡು ಬಾ ಎನ್ನುತ್ತದೆ. ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಕಾಣದೆ ಬರೆದುಬಿಡುವುದು ಹೀಗೆ ತಪ್ಪುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಈ ಸೌಕರ್ಯವಿಲ್ಲ. ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಮೇಲೆಯೇ ಯಾರೋ ಫೋನ್ ನಂಬರು ಬರೆದಿದ್ದಾರೆ.

ಬಳಕೆ ಆರಂಭಿಸಿದ ದಿನವೇ ಒಂದು ತಮಾಷೆ ನಡೆಯಿತು. ಬೆಳಿಗ್ಗೆ ೧೦-೩೦ಕ್ಕೆ ಎಂದು ನಾನು ಬರೆದ ಪಾಲಕರ ಸಭೆ, ಗಣಕಯಂತ್ರದ ಪರದೆಯಲ್ಲಿ ೫-೦೦ ಗಂಟೆಗೆ ಎಂದು ಕಾಣಿಸಿತು. ನಸುಕಿನ ಐದಕ್ಕೆ ಯಾವ ಪಾಲಕರು ಬರುತ್ತಾರೆ! ವ್ಯತ್ಯಾಸ ಐದೂವರೆ ತಾಸು ಎಂಬುದನ್ನು ಗಮನಿಸಿರಿ. ಭೂಗೋಳದಲ್ಲಿ ಓದಿದ್ದೀರಿ: ಭಾರತದ ಪ್ರಮಾಣವೇಳೆ ೮೨½ ಅಂಶ ಪೂರ್ವ ರೇಖಾಂಶದ್ದು, ಗ್ರೀನಿಚ್ ವೇಳೆಗಿಂತ ಐದೂವರೆ ತಾಸು ಮುಂದೆ. ಸರ್ವರಿಗೆ ಅದು ಇರುವ ದೇಶವನ್ನು ಯಾರೂ ಹೇಳಿರಲಿಲ್ಲ. ಹೇಳದಿದ್ದರೆ ಅದು ಜಾಗತಿಕ ವೇಳೆಯಲ್ಲಿಯೇ ತೋರಿಸುತ್ತದೆ. ಒಂದು ಸಾಲು ತಿದ್ದಿದ ಕೂಡಲೆ ಸರಿಹೋಯಿತು.

ಮಾತು ಬಂದುದರಿಂದ ಹೇಳುತ್ತೇನೆ, ಗಡಿಯಾರದ ವೇಳೆಯೇ ಒಂದು ಹಂಚಿಕೆಯ ಒಪ್ಪಂದ. ಅಕ್ಕಲಕೋಟೆಯ ರೇಖಾಂಶ ಸುಮಾರು ೭೬.೨. ಒಂದು ಅಂಶಕ್ಕೆ ನಾಲ್ಕು ನಿಮಿಷದಂತೆ ಗುಣಿಸಿದರೆ, ನಮ್ಮ ನೆತ್ತಿಯ ಮೇಲೆ ಸೂರ್ಯ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸರಾಸರಿ ಇಪ್ಪತ್ತೈದು ನಿಮಿಷ ತಡವಾಗಿ. ಮುಂಬಯಿ ನಗರವು ತನ್ನದೇ ವೇಳೆಯನ್ನು ೧೯೫೫ರವರೆಗೂ ಬಿಟ್ಟಿರಲಿಲ್ಲ.

ಈಗ ನನಗೆ ನಾಚಿಕೆ ತಂದ ಸಂಗತಿಯನ್ನು ಹೇಳಬೇಕು. ಎರಡನೆಯ ತಿಂಗಳಲ್ಲಿ ಅಪ್ಪನನ್ನು ಸೋಲಾಪುರಕ್ಕೆ ಡಾಕ್ಟರರಲ್ಲಿ ಕರೆದೊಯ್ಯುವುದಿತ್ತು. ಎಲ್ಲವನ್ನೂ ಬರೆಯುವ ಹೊಸ ಹುರುಪಿನಲ್ಲಿ ನಾನು ರೋಗದ ಹೆಸರು, ತಪಾಸಣೆಯ ಹೆಸರು ಸಹಿತ ಮನೆತನದ ದಿನದರ್ಶಿಕೆಯಲ್ಲಿ ಬರೆದೆ. ಎಂಟೂ ಫೋನುಗಳು ಒಮ್ಮೆಲೇ ಗಂಟೆ ಬಾರಿಸಿದವು. ಅರ್ಧ ತಾಸಿನಲ್ಲಿ ತಂಗಿ ಅಳುತ್ತ ಫೋನು ಮಾಡಿದಳು, ಅಳಿಯಂದಿರು ಮಾಡಿದರು, ಪುಣೆಯಿಂದ ಅತ್ತಿಗೆ ಮಾಡಿದರು. ಅಪ್ಪ ಯಾರಿಗೂ ಹೇಳಬಾರದೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

"ನನ್ನ ಬ್ಯಾನಿ ಊರಿಗೆಲ್ಲ ಡಂಗುರಾ ಸಾರಿದ್ಯಾ?" ಎಂದು ಕೇಳಿದರು. ಅಷ್ಟೇ. ಆ ದಿನ ಊಟ ಮಾಡಲಿಲ್ಲ.

ತಂತ್ರಾಂಶದಲ್ಲಿ ಇದಕ್ಕೆ ಅವಕಾಶವಿಲ್ಲವೆಂದಲ್ಲ. ಐ-ಕ್ಯಾಲೆಂಡರಿನ ಕ್ರಮದಲ್ಲಿಯೇ ಒಂದು ಚೀಟಿಯನ್ನು ಬಹಿರಂಗ, ಖಾಸಗಿ, ಗೋಪ್ಯ ಎಂದು ಮೂರು ಬಗೆಯಾಗಿ ಗುರುತಿಸಬಹುದು. "ಈ ವೇಳೆಯಲ್ಲಿ ಬಿಡುವಿಲ್ಲ" ಎಂದಷ್ಟೇ ತೋರಿಸಿ, ಯಾತಕ್ಕೆಂಬುದನ್ನು ಮುಚ್ಚಿಡುವ ಸೌಕರ್ಯ ನಮ್ಮ ತಂತ್ರಾಂಶದಲ್ಲಿಯೂ ಇತ್ತು. ಆದರೆ ಹೊಸ ಚೀಟಿ ಬರೆದಾಗ ಅದು ತಾನಾಗಿಯೇ ಎಲ್ಲರಿಗೂ ಕಾಣುವಂತೆ ಇತ್ತು. ಮುಚ್ಚುವ ಗುಂಡಿ ಎಲ್ಲಿದೆಯೆಂದು ನನಗೆ ತಿಳಿದದ್ದು ಅನಾಹುತವಾದ ಮೇಲೆ. ಯಂತ್ರ ನಮ್ಮದಾದರೆ ಗುಟ್ಟೂ ನಮ್ಮಲ್ಲಿಯೇ ಉಳಿಯುತ್ತದೆಂದು ನಾನು ತಿಳಿದಿದ್ದೆ. ಕಂಪನಿಗೆ ಗೊತ್ತಾಗಲಿಲ್ಲ ನಿಜ, ಗೊತ್ತಾಗಬಾರದ ಮನೆಯವರಿಗೆಲ್ಲ ಗೊತ್ತಾಯಿತು. ಈಗ ಮೂರು ದಿನದರ್ಶಿಕೆಗಳನ್ನು ಬೇರೆ ಬೇರೆ ಮಾಡಿದ್ದೇವೆ. ಮನೆತನದ್ದು ಎಲ್ಲರೂ ಬರೆಯುವಂಥದು. ಶಾಲೆಯ ದಿನಗಳದ್ದು ನಾನು ಬರೆಯುವುದು, ಉಳಿದವರು ಓದುವುದು. ಅಪ್ಪನದು ಅಪ್ಪನಿಗೂ ನನಗೂ ಮಾತ್ರ.

ಹಗೇವಿಗೆ ನೀರು ಹೊಕ್ಕ ಪ್ರಸಂಗವೂ ಒಂದು ನಡೆಯಿತು. ಮಳೆಗಾಲದ ಒಂದು ರಾತ್ರಿ ಸಿಡಿಲು ಬಿದ್ದು ಕರೆಂಟು ಏರಿಳಿದು, ಬೆಳಗಾಗುವಷ್ಟರಲ್ಲಿ ಸರ್ವರಿನ ಡಿಸ್ಕು ಕೆಟ್ಟಿತ್ತು. ಫೋನುಗಳಲ್ಲಿ ಪ್ರತಿ ಇದೆಯಲ್ಲ, ಹೊಸ ಡಿಸ್ಕು ಹಾಕಿದರಾಯಿತು ಎಂದೆ. ಪುಣೆಯಿಂದ ನಮ್ಮ ಹುಡುಗ ಗಾಬರಿಯಾಗಿ ಕೂಗಿದ: "ಕಾಕಾ, ಯಾರೂ ಫೋನು ಸರ್ವರಿಗೆ ಹಚ್ಚಬ್ಯಾಡ್ರಿ!" ಏಕೆಂದರೆ ಬರಿದಾದ ಸರ್ವರನ್ನು ಕಂಡ ಫೋನು, ಚೀಟಿಗಳನ್ನೆಲ್ಲ ಯಾರೋ ಅಳಿಸಿದ್ದಾರೆಂದು ಬಗೆದು ತನ್ನ ಪ್ರತಿಯನ್ನೂ ಅಳಿಸಿಬಿಡುತ್ತದೆ. ಆಜ್ಞಾಧಾರಕನಾದ ಸೇವಕನಿಂದ ಆಗುವ ಅನಾಹುತ ಇದು. ಒಂದು ಫೋನಿನಿಂದ ಚೀಟಿಗಳನ್ನೆಲ್ಲ ಮೊದಲು ಒಂದು ಕಡತಕ್ಕೆ ಇಳಿಸಿಕೊಂಡು, ಆ ಮೇಲೆ ಹೊಸ ಡಿಸ್ಕಿಗೆ ಏರಿಸಿದೆವು. ತಾರೀಖುಗಳು ಉಳಿದವು. ಅದೇ ಸರ್ವರಿನಲ್ಲಿಟ್ಟಿದ್ದ ತಂಗಿಯ ಮಗನ ಜಾವಳದ ಫೋಟೋಗಳಲ್ಲಿ ಕೆಲವು ಹೋದವು. ನಾನು ಇರದ ಕಾರ್ಯಕ್ರಮದ ಫೋಟೋಗಳು ನನ್ನ ಮನೆಯಲ್ಲಿಯೇ ಹೋದವಲ್ಲ ಎಂದು ಕೆಟ್ಟೆನಿಸಿತು. ಅಂದಿನಿಂದ ಪ್ರತಿ ಭಾನುವಾರ ಒಂದು ಪ್ರತಿ ಬೇರೆ ಡಿಸ್ಕಿಗೆ ಹೋಗುತ್ತದೆ, ಆ ಡಿಸ್ಕು ಬೇರೆ ಮನೆಯಲ್ಲಿರುತ್ತದೆ.

ಇನ್ನು ಪಂಚಾಂಗದ ವಿಷಯ. ಗಣಿತದ ಅಭಿರುಚಿ ಇದ್ದವರು ಇಲ್ಲಿ ಪೆನ್ಸಿಲು ಹಿಡಿಯಬಹುದು. ದಿನದರ್ಶಿಕೆಯ ತಂತ್ರಾಂಶಕ್ಕೆ "ಇದು ಪ್ರತಿ ವರುಷ ಬರುತ್ತದೆ" ಎಂದು ಒಮ್ಮೆ ಹೇಳಿದರೆ ಅದು ಮುಂದಿನ ವರುಷಗಳಲ್ಲಿ ತಾನೇ ಬರೆದುಕೊಳ್ಳುತ್ತದೆ. ಆಗಸ್ಟ್ ೧೫ಕ್ಕೆ, ಮೇ ೧ರ ಮಹಾರಾಷ್ಟ್ರ ದಿನಕ್ಕೆ, ತಂಗಿಯ ಕಡೆಯ ನವೆಂಬರ್ ೧ರ ರಾಜ್ಯೋತ್ಸವಕ್ಕೆ ಇದು ಸರಿ. ನಾನು ಅದೇ ಹುರುಪಿನಲ್ಲಿ ಯುಗಾದಿಯನ್ನೂ ಹಾಗೆಯೇ ಬರೆದೆ. ಫಲವೇನಾಯಿತು? ಯುಗಾದಿ ೨೦೨೩ರಲ್ಲಿ ಮಾರ್ಚ್ ೨೨ಕ್ಕೆ, ೨೦೨೪ರಲ್ಲಿ ಏಪ್ರಿಲ್ ೯ಕ್ಕೆ, ೨೦೨೫ರಲ್ಲಿ ಮಾರ್ಚ್ ೩೦ಕ್ಕೆ ಬಂದಿತು. ಎಣಿಸಿ ನೋಡಿರಿ. ಮೊದಲ ಎರಡರ ನಡುವೆ ೩೮೪ ದಿನ, ನಂತರದ ಎರಡರ ನಡುವೆ ೩೫೫ ದಿನ. ಚಾಂದ್ರಮಾಸ ಒಂದಕ್ಕೆ ಸುಮಾರು ೨೯.೫೩ ದಿನ. ಹನ್ನೆರಡು ಮಾಸಕ್ಕೆ ೩೫೪ಕ್ಕೆ ತುಸು ಹೆಚ್ಚು, ಹದಿಮೂರು ಮಾಸಕ್ಕೆ ೩೮೪ಕ್ಕೆ ತುಸು ಕಡಿಮೆ. ೨೦೨೩ರಲ್ಲಿ ಅಧಿಕ ಶ್ರಾವಣ ಬಂದುದರಿಂದ ಆ ಸಂವತ್ಸರಕ್ಕೆ ಹದಿಮೂರು ಮಾಸ. ಸೌರವರುಷಕ್ಕೆ ಹನ್ನೊಂದು ದಿನ ಹಿಂದೆ ಬೀಳುವ ಚಾಂದ್ರವರುಷವನ್ನು ನಮ್ಮ ಹಿರಿಯರು ಹೀಗೆ ಎರಡೂವರೆ ಮೂರು ವರುಷಕ್ಕೊಮ್ಮೆ ಒಂದು ಮಾಸ ಕೂಡಿಸಿ ದಾರಿಗೆ ತರುತ್ತಾರೆ. "ಪ್ರತಿ ವರುಷ" ಎಂಬ ಗುಂಡಿಗೆ ಇದು ತಿಳಿಯದು.

ಸೋಲಾಪುರದ ಸಿದ್ಧೇಶ್ವರ ಜಾತ್ರೆಯನ್ನು ಅದೇ ಗುಂಡಿಯಿಂದ ಬರೆದಾಗ ಮಾತ್ರ ತಪ್ಪಲಿಲ್ಲ. ಏಳು ನಂದಿಧ್ವಜಗಳು ಹೊರಡುವ ಆ ಜಾತ್ರೆ ಮಕರಸಂಕ್ರಾಂತಿಯ ಸುತ್ತಿನದು, ಸಂಕ್ರಾಂತಿಯು ಸೂರ್ಯನನ್ನು ಅನುಸರಿಸುವ ಹಬ್ಬ, ಆದ್ದರಿಂದ ಜನವರಿ ೧೪ ಇಲ್ಲವೇ ೧೫ನ್ನು ಬಿಡದು. ಅದೂ ಶಾಶ್ವತವಲ್ಲ. ನಕ್ಷತ್ರಗಳನ್ನು ಹಿಡಿದು ಎಣಿಸುವ ವರುಷವು ಋತುಗಳ ವರುಷಕ್ಕಿಂತ ಸುಮಾರು ೨೦ ನಿಮಿಷ ಉದ್ದವಾದುದರಿಂದ, ಎಪ್ಪತ್ತು ವರುಷಕ್ಕೆ ಒಂದು ದಿನದಂತೆ ಸಂಕ್ರಾಂತಿ ಮುಂದೆ ಸರಿಯುತ್ತದೆ. ಸ್ವಾಮಿ ವಿವೇಕಾನಂದರು ೧೮೬೩ರ ಜನವರಿ ೧೨ರಂದು ಹುಟ್ಟಿದರೆಂದು ಓದಿದ್ದೀರಿ. ಆ ದಿನ ಮಕರಸಂಕ್ರಾಂತಿ.

ತಿಥಿಯದು ಇನ್ನೂ ಸೂಕ್ಷ್ಮ. ಚಂದ್ರನು ಸೂರ್ಯನಿಂದ ಹನ್ನೆರಡು ಅಂಶ ಸರಿದರೆ ಒಂದು ತಿಥಿ. ಇದಕ್ಕೆ ಒಮ್ಮೆ ಹತ್ತೊಂಬತ್ತು ತಾಸು ಸಾಕಾದೀತು, ಇನ್ನೊಮ್ಮೆ ಇಪ್ಪತ್ತಾರು ತಾಸು ಬೇಕಾದೀತು. ೨೦೨೪ರಲ್ಲಿ ಅಮಾವಾಸ್ಯೆ ಅಕ್ಟೋಬರ್ ೩೧ರ ಮಧ್ಯಾಹ್ನ ಹಿಡಿದು ನವೆಂಬರ್ ೧ರ ಸಂಜೆಯವರೆಗೆ ಇದ್ದುದರಿಂದ ಲಕ್ಷ್ಮೀಪೂಜೆಯನ್ನು ದೇಶದಲ್ಲಿ ಕೆಲವರು ೩೧ಕ್ಕೆ, ಕೆಲವರು ೧ಕ್ಕೆ ಮಾಡಿದರು. ನಮ್ಮ ದಿನದರ್ಶಿಕೆಯಲ್ಲಿಯೂ ಎರಡು ಚೀಟಿ ಬಿದ್ದವು: ಒಂದು ನನ್ನ ಅವ್ವನ ಮಾತಿನಂತೆ, ಇನ್ನೊಂದು ಪುಣೆಯ ಅತ್ತಿಗೆಯ ನೆರೆಯವರ ಮಾತಿನಂತೆ. ಇಂಥ ಭೇದಗಳನ್ನು ಪರಿಹರಿಸಲು ಭಾರತ ಸರಕಾರವೇ ೧೯೫೨ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತ್ತು. ದೇಶದಲ್ಲಿ ಸುಮಾರು ಮೂವತ್ತು ಬಗೆಯ ಪಂಚಾಂಗಗಳಿದ್ದುದನ್ನು ಆ ಸಮಿತಿ ಕಂಡಿತು. ಅದರ ಶಿಫಾರಸಿನಂತೆ ೧೯೫೭ರ ಮಾರ್ಚ್ ೨೨ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಸರಕಾರದ ರಾಜಪತ್ರದ ಮೇಲೆ ಆ ತಾರೀಖು ಬರುತ್ತದೆ. ಹೋಳಿಗೆ ಮಾಡುವ ದಿನವನ್ನು ಮಾತ್ರ ಅವ್ವ ಹಿಂದಿನಂತೆಯೇ ನಿಶ್ಚಯಿಸುತ್ತಾಳೆ.

ತಂತ್ರಾಂಶದವರು ಈ ಕೊರತೆಯನ್ನು ಅರಿಯದವರಲ್ಲ. ಬೇರೆ ಕಾಲಗಣನೆಗಳಲ್ಲಿ ಮರುಕಳಿಸುವ ದಿನಗಳನ್ನು ಬರೆಯುವುದು ಹೇಗೆಂಬ ಕ್ರಮವನ್ನು ೨೦೧೫ರಲ್ಲಿ ಗೊತ್ತುಮಾಡಿದ್ದಾರೆ. ಚೀನದ, ಯಹೂದ್ಯರ ಅಧಿಕಮಾಸಗಳಿಗೂ ಅದರಲ್ಲಿ ಎಡೆಯುಂಟು. ನಮ್ಮ ತಂತ್ರಾಂಶದಲ್ಲಿ ಅದು ಇನ್ನೂ ಇಳಿದಿಲ್ಲ. ಆದ್ದರಿಂದ ಯುಗಾದಿಗೆ ಮೊದಲು ಹೊಸ ಪಂಚಾಂಗ ತಂದು, ಅಪ್ಪ ಓದುತ್ತಾ ಹೋದಂತೆ ನಾನು ಒಂದೊಂದಾಗಿ ಚೀಟಿ ಬರೆಯುತ್ತೇನೆ. ಒಂದು ಸಂಜೆಯ ಕೆಲಸ. ಅಪ್ಪನ ಸಿಟ್ಟು ಇಳಿದದ್ದು ಈ ಕೆಲಸದಲ್ಲಿಯೇ ಎಂದು ನನಗೆ ಅನಿಸುತ್ತದೆ.

ಉಳಿದ ಕೊರತೆಗಳನ್ನು ಬೇಗನೆ ಹೇಳಿಬಿಡುತ್ತೇನೆ. ನಾವು ಬಳಸುವ ತಂತ್ರಾಂಶದಲ್ಲಿ ಕನ್ನಡ ಅನುವಾದ ಅರ್ಧಕ್ಕೆ ನಿಂತಿದೆ. ಒಂದು ಸಾಲು ಕನ್ನಡ, ಮುಂದಿನದು ಇಂಗ್ಲಿಷು, ಕೆಲವು ಕನ್ನಡ ಶಬ್ದಗಳನ್ನು ತಿಳಿಯಲು ಇಂಗ್ಲಿಷಿಗೇ ತಿರುಗಬೇಕು. ಇಂಥ ಅನುವಾದವನ್ನು ಮಾಡುವವರು ಸ್ವಯಂಸೇವಕರು, ಯಾರೂ ಸೇರಬಹುದು. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷು ನಾಲ್ಕನ್ನೂ ಓದುವ ನಮ್ಮ ಮಕ್ಕಳಿಗಿಂತ ಯೋಗ್ಯರು ಯಾರು? ಗಂಟೆ ಬಾರಿಸುವುದು ವಿಪರೀತ, ಚಿಕ್ಕ ತಿದ್ದುಪಡಿಗೂ ಎಂಟು ಮನೆಯಲ್ಲಿ ಸದ್ದು. ಗುಪ್ತಪದ ಮರೆತವರು ರಾತ್ರಿ ಹತ್ತಕ್ಕೆ ನನಗೆ ಫೋನು ಮಾಡುತ್ತಾರೆ, ಮನೆತನದ ಸರ್ವರಿಗೆ ಕಾರಕೂನ ನಾನೇ ಆಗಿದ್ದೇನೆ.

೨೦೨೫ರಲ್ಲಿ ಮಹಾರಾಷ್ಟ್ರದ ಹತ್ತನೆಯ ತರಗತಿಯ ಪರೀಕ್ಷೆ ಮಾರ್ಚ್‌ವರೆಗೂ ಕಾಯದೆ ಫೆಬ್ರವರಿ ೨೧ಕ್ಕೇ ಆರಂಭವಾಯಿತು. ಮರಾಠಿಯಲ್ಲಿ ಬಂದ ಪ್ರಕಟಣೆಯನ್ನು ನೋಡಿದ ದಿನವೇ ಆ ತಾರೀಖುಗಳನ್ನು ಶಾಲೆಯ ದಿನದರ್ಶಿಕೆಯಲ್ಲಿ ಕೆಂಪು ಬಣ್ಣದಿಂದ ಬರೆದೆ. ರಾತ್ರಿ ತಂಗಿಯ ಫೋನು ಬಂದಿತು. ಅವರ ಹೊಸ ಮನೆಯ ವಾಸ್ತುಶಾಂತಿ ಫೆಬ್ರವರಿಯಲ್ಲಿ ಎಂದು ಮಾತಾಗಿತ್ತು.

"ಅಣ್ಣಾ, ನಿನ್ನ ಕೆಂಪು ದಿನ ಕಂಡ್ವು. ಏಪ್ರಿಲಿಗೆ ಹಾಕೀವಿ. ಚೀಟಿ ಬರದೀನಿ, ನೋಡು."

ನೋಡಿದೆ. ಚೀಟಿಯ ಕೆಳಗೆ, ಟಿಪ್ಪಣಿ ಬರೆಯುವ ಜಾಗದಲ್ಲಿ, "ಈ ಸಲ ಎರಡು ದಿನ ಮೊದಲಽ ಬರಬೇಕು" ಎಂದು ಬರೆದಿದ್ದಳು. ಅವ್ವನಿಗೆ ಫೋನಿನ ಅಕ್ಷರ ಕಾಣುವುದಿಲ್ಲ. ಮಗಳು ಪ್ರತಿ ಭಾನುವಾರ ಸಂಜೆ ಫೋನು ನೋಡಿಕೊಂಡು ಆ ವಾರದ ಚೀಟಿಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಕಾಟುಗಳ ಪಕ್ಕದಲ್ಲಿ, ದಪ್ಪಕ್ಷರದಿಂದ ಬರೆಯುತ್ತಾಳೆ.